ಮಾರಿದ ಗಾಡಿ, ಉಳಿದುಹೋದ ಹೆಸರು

ಪ್ರವಾದಿ ಮುಹಮ್ಮದ್(ಸ)ರು ಒಮ್ಮೆ ಗ್ರಾಮೀಣ ಅರಬನೊಬ್ಬನಿಂದ ಕುದುರೆಯೊಂದನ್ನು ಖರೀದಿಸಿದರು. ಬೆಲೆ ಗೊತ್ತಾಯಿತು, ಮಾತು ಮುಗಿಯಿತು. ಹಣ ಕೊಡುವುದಕ್ಕಾಗಿ ಅವನನ್ನು ಹಿಂದೆಯೇ ಬರಹೇಳಿ ಪ್ರವಾದಿ(ಸ)ರು ಬೇಗಬೇಗನೆ ಮುಂದೆ ನಡೆದರು. ಅವನು ಕುದುರೆಯೊಂದಿಗೆ ನಿಧಾನವಾಗಿ ಬರುತ್ತಿದ್ದನು. ವ್ಯಾಪಾರ ಆಗಿಹೋಗಿದೆ ಎಂಬುದು ದಾರಿಯಲ್ಲಿದ್ದ ಜನರಿಗೆ ಗೊತ್ತಿರಲಿಲ್ಲ. ಅವರು ಆ ಕುದುರೆಗೆ ಬೆಲೆ ಕೇಳತೊಡಗಿದರು. ಬೆಲೆ ಏರಿತು, ಮಾರಿದವನ ಮನಸ್ಸು ಬದಲಾಯಿತು. ಬೇಕಾದರೆ ಈಗ ಕೊಂಡುಕೊಳ್ಳಿ, ಇಲ್ಲದಿದ್ದರೆ ಇವರಿಗೆ ಮಾರುತ್ತೇನೆ ಎಂದು ಅವನು ಕೂಗಿ ಹೇಳಿದನು. ಇದನ್ನು ನಾನು ನಿನ್ನಿಂದ ಆಗಲೇ ಕೊಂಡಿರುವೆನಲ್ಲ ಎಂದು ಪ್ರವಾದಿ(ಸ)ರು ಕೇಳಿದಾಗ ಅವನು ನಿರಾಕರಿಸಿ, ಸಾಕ್ಷಿಯನ್ನು ತನ್ನಿ ಎಂದುಬಿಟ್ಟನು. ಖುಝೈಮ ಬಿನ್ ಸಾಬಿತ್(ರ)ರು ಮುಂದೆ ಬಂದು ಸಾಕ್ಷಿ ನುಡಿದರು. ಅವರು ವ್ಯಾಪಾರದ ಸ್ಥಳದಲ್ಲಿರಲಿಲ್ಲ. ಯಾವ ಆಧಾರದ ಮೇಲೆ ಸಾಕ್ಷಿ ಹೇಳುತ್ತೀರಿ ಎಂದು ಕೇಳಿದಾಗ, ತಮ್ಮ ಸತ್ಯಸಂಧತೆಯ ಮೇಲಿನ ನಂಬಿಕೆಯಿಂದಲೇ ಎಂಬರ್ಥದಲ್ಲಿ ಉತ್ತರಿಸಿದರು. ಅಂದಿನಿಂದ ಅವರೊಬ್ಬರ ಸಾಕ್ಷ್ಯವು ಇಬ್ಬರ ಸಾಕ್ಷ್ಯಕ್ಕೆ ಸಮವೆಂದು ಪರಿಗಣಿಸಲ್ಪಟ್ಟಿತು. ಈ ಘಟನೆಯು ಅಬೂದಾವೂದ್ ಮತ್ತು ನಸಾಈ ಹದೀಸ್ ಗ್ರಂಥಗಳಲ್ಲಿದೆ.

ನಾವು ಈ ಘಟನೆಯನ್ನು ಖುಝೈಮ(ರ)ರ ವಿಶ್ವಾಸದ ದೃಢತೆಗೆ ಉದಾಹರಣೆಯಾಗಿ ಹೇಳುತ್ತೇವೆ. ಅದು ಸರಿಯೇ. ಆದರೆ ಇದರಲ್ಲಿ ಇನ್ನೊಂದು ಪಾಠವೂ ಇದೆ. ಸತ್ಯಸಂಧರಲ್ಲಿ ಸತ್ಯಸಂಧರಾದ ಪ್ರವಾದಿ(ಸ)ರ ವ್ಯವಹಾರದಲ್ಲೂ ಎದುರು ಪಕ್ಷದವನು ಮಾತು ತಪ್ಪಿದಾಗ ಸಾಕ್ಷಿಯ ಪ್ರಶ್ನೆ ಬಂತು. ಹಾಗಿರುವಾಗ ಪ್ರಿಯ ಓದುಗರೇ, ನಾವು ನೀವು ಸಾವಳಗಿಯ ಚಹಾ ಅಂಗಡಿಯ ಮುಂದೆ ನಿಂತು ಒಂದು ಮೋಟರ್ ಸೈಕಲನ್ನು ಬರೇ ಬಾಯಿಮಾತಿನಲ್ಲಿ ಕೊಟ್ಟು ತೆಗೆದುಕೊಳ್ಳುವುದು ಎಷ್ಟು ಸರಿ?

ಅಂದಿನ ಕುದುರೆಯ ಸ್ಥಾನದಲ್ಲಿ ಇಂದು ಈ ಎರಡು ಚಕ್ರದ ಗಾಡಿ ಇದೆ. ಹೊಲಕ್ಕೆ ಹೋಗಲು, ಕಬ್ಬಿನ ಗ್ಯಾಂಗಿನವರಿಗೆ ಊಟ ಒಯ್ಯಲು, ಮಕ್ಕಳನ್ನು ಶಾಲೆಗೆ ಬಿಡಲು, ಜಮಖಂಡಿಯ ಆಸ್ಪತ್ರೆಗೆ ಓಡಲು ಅದೇ ಬೇಕು. ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಹಾಗಾಗಿ ಹಳೆಯ ಗಾಡಿಗಳು ಕೈಯಿಂದ ಕೈಗೆ ಸಾಗುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ಗಾಡಿ ಸಾಗುತ್ತದೆ, ಹೆಸರು ಮಾತ್ರ ಸಾಗುವುದಿಲ್ಲ ಎಂಬುದೇ ತೊಂದರೆ.

ಪದ್ಧತಿ ಹೇಗಿದೆಯೆಂದು ನಿಮಗೆ ಗೊತ್ತು. ಮಾರುವವನು 29 ಮತ್ತು 30ನೆಯ ನಮೂನೆಗಳಿಗೆ ಖಾಲಿ ಸಹಿ ಹಾಕಿ, ನೋಂದಣಿ ಕಾರ್ಡಿನ ಜೊತೆ ರಬ್ಬರ್ ಬ್ಯಾಂಡ್ ಸುತ್ತಿ ಕೊಟ್ಟುಬಿಡುತ್ತಾನೆ. ಕೊಂಡವನ ಹೆಸರಿಲ್ಲ, ತಾರೀಖಿಲ್ಲ. ಕೊಂಡವನು ಆರು ತಿಂಗಳು ಓಡಿಸಿ ಅದೇ ರಬ್ಬರ್ ಬ್ಯಾಂಡಿನೊಂದಿಗೆ ಮತ್ತೊಬ್ಬನಿಗೆ ಕೊಡುತ್ತಾನೆ. ಅವನು ಮುಧೋಳದವನಿಗೆ, ಮುಧೋಳದವನು ಬೀಳಗಿಯವನಿಗೆ. ಮೊದಲ ಮಾಲಿಕನಿಗೆ ತನ್ನ ಗಾಡಿ ಯಾವ ಊರಿನಲ್ಲಿದೆ ಎಂಬುದೇ ತಿಳಿಯದು. ಆದರೆ ಸರಕಾರದ ದಾಖಲೆಯಲ್ಲಿ ಆ ಗಾಡಿಯ ಮೇಲೆ ಇವತ್ತಿಗೂ ಅವನೇ ಕುಳಿತಿದ್ದಾನೆ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯಿದೆಯ ದೃಷ್ಟಿಯಲ್ಲಿ ವಾಹನವು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವನೇ ಮಾಲಿಕ. ಮಾರಿದವನು 14 ದಿನಗಳೊಳಗೆ ಮಾರಾಟದ ವರದಿಯನ್ನು ನೋಂದಣಿ ಕಚೇರಿಗೆ ಕೊಟ್ಟು ಅದರ ಪ್ರತಿಯನ್ನು ಕೊಂಡವನಿಗೆ ಕೊಡಬೇಕು. ಇದಕ್ಕಾಗಿರುವುದೇ 29ನೆಯ ನಮೂನೆ. ಕೊಂಡವನು 30 ದಿನಗಳೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು. ಅದು 30ನೆಯ ನಮೂನೆ. ಕಾಯಿದೆಯ 50ನೆಯ ಕಲಮು ಇದನ್ನು ಸ್ಪಷ್ಟವಾಗಿ ಇಬ್ಬರ ಮೇಲೂ ಹೊರಿಸಿದೆ. ಹೆಸರು ಬದಲಾಯಿಸುವುದು ಕೊಂಡವನ ಕೆಲಸ, ನನಗೇನು ಎಂದು ಮಾರಿದವನು ಹೇಳುವಂತಿಲ್ಲ.

2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಒಂದು ಪ್ರಕರಣವು ಪ್ರತಿಯೊಬ್ಬನ ಕಣ್ಣು ತೆರೆಸಬೇಕು. ಒಬ್ಬರು 2007ರಲ್ಲಿ ತಮ್ಮ ಕಾರನ್ನು ಮಾರಿದರು. ಕೊಂಡವರು ಮತ್ತೊಬ್ಬರಿಗೆ, ಅವರು ಮಗದೊಬ್ಬರಿಗೆ, ಹೀಗೆ ಕಾರು ಕೈ ಬದಲಾಯಿಸುತ್ತಾ ಹೋಯಿತು. ನೋಂದಣಿಯಲ್ಲಿ ಮಾತ್ರ ಮೊದಲನೆಯವರ ಹೆಸರೇ ಉಳಿಯಿತು. 2009ರಲ್ಲಿ ಆ ಕಾರಿನಿಂದ ಅಪಘಾತವಾಗಿ ಒಂದು ಜೀವ ಹೋಯಿತು. ಪರಿಹಾರ ಯಾರು ಕೊಡಬೇಕು? ನಾನು ಮಾರಿ ಎರಡು ವರ್ಷವಾಯಿತು ಎಂಬ ಮೊದಲನೆಯವರ ವಾದವನ್ನು ಹೈಕೋರ್ಟು ಒಪ್ಪಿತ್ತು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ, ಗಾಯಗೊಂಡವರು ಅಥವಾ ಸತ್ತವರ ಮನೆಯವರು ಮಾರಾಟದ ಸರಪಳಿಯನ್ನು ಹುಡುಕುತ್ತಾ ಅಲೆಯಬೇಕಾಗಿಲ್ಲ ಎಂಬುದು ಆ ತೀರ್ಪಿನ ಸಾರ.

ಇದು ಕಠಿಣವೆಂದು ಕೆಲವರಿಗೆ ಅನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ಮಗನನ್ನು ಕಳೆದುಕೊಂಡ ಒಬ್ಬ ತಾಯಿ ಆ ಗಾಡಿ ಯಾರು ಯಾರಿಗೆ ಮಾರಿದ್ದೆಂದು ಎಲ್ಲಿ ಹೋಗಿ ಕೇಳಬೇಕು?

ಫಿಕ್‌ಹ್ ಶಾಸ್ತ್ರದ ಪ್ರಕಾರ ಮಾರಾಟ ನೆರವೇರಲು ಸರಕಾರಿ ನೋಂದಣಿ ಶರತ್ತಲ್ಲ. ಕೊಟ್ಟೆ, ಕೊಂಡೆ ಎಂಬ ಈಜಾಬ್ ಮತ್ತು ಕಬೂಲ್ ಆದರೆ ಮಾರಾಟವಾಯಿತು. ಇದನ್ನು ಮದ್ರಸದಲ್ಲಿ ಓದಿದವರೆಲ್ಲ ಬಲ್ಲರು. ಕೆಲವರು ಇದನ್ನೇ ಹಿಡಿದುಕೊಂಡು, ಶರೀಅತ್ತಿನಂತೆ ಗಾಡಿ ನನ್ನದಾಯಿತು, ಕಾಗದ ಸರಕಾರದ್ದು ಎನ್ನುತ್ತಾರೆ. ಗಾಡಿ ನಿಮ್ಮದಾಯಿತು, ನಿಜ. ಆದರೆ ಇನ್ನೊಬ್ಬನ ಹೆಸರು ನಿಮ್ಮ ಕೈಯಲ್ಲಿ ಉಳಿದಿದೆಯಲ್ಲ? ಆ ಹೆಸರು ಅಮಾನತ್ತು. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ಮರಳಿಸಬೇಕೆಂದು ಅನ್ನಿಸಾ ಅಧ್ಯಾಯದ 58ನೆಯ ಸೂಕ್ತದಲ್ಲಿ ಅಲ್ಲಾಹನು ಆಜ್ಞಾಪಿಸಿರುವನು. ಯಾರಿಗೂ ಹಾನಿ ಮಾಡಬಾರದು, ಹಾನಿಗೆ ಪ್ರತಿಯಾಗಿಯೂ ಹಾನಿ ಮಾಡಬಾರದು ಎಂಬ ಪ್ರವಾದಿ(ಸ)ರ ಬೋಧನೆಯ ಮೇಲೆ ಫುಕಹಾಗಳು ಎಷ್ಟೊಂದು ವಿಧಿಗಳನ್ನು ಕಟ್ಟಿರುವರು! ಇನ್ನೊಬ್ಬನ ಹೆಸರಿನಲ್ಲಿ ಗಾಡಿ ಓಡಿಸುತ್ತಾ ಅವನನ್ನು ನ್ಯಾಯಾಲಯದ ಬಾಗಿಲಿಗೆ ತರುವುದು ಹಾನಿಯಲ್ಲದೆ ಮತ್ತೇನು?

ಅತ್ಯಂತ ದೀರ್ಘವಾದ ಸೂಕ್ತ

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವು ನಮಾಝಿನ ಬಗ್ಗೆಯಲ್ಲ, ಹಜ್ಜಿನ ಬಗ್ಗೆಯೂ ಅಲ್ಲ. ಅದು ಲೆಕ್ಕ ಬರೆದಿಡುವ ಬಗ್ಗೆ. ಅಲ್‌ಬಕರ ಅಧ್ಯಾಯದ 282ನೆಯ ಸೂಕ್ತವನ್ನು ತೆರೆದು ಓದಿರಿ. ಅವಧಿಯಿಟ್ಟು ಸಾಲದ ವ್ಯವಹಾರ ಮಾಡುವಾಗ ಬರೆದುಕೊಳ್ಳಬೇಕು, ಬರೆಯಬಲ್ಲವನು ಬರೆಯಲು ನಿರಾಕರಿಸಬಾರದು, ಹೊಣೆ ಹೊತ್ತವನು ಹೇಳಿ ಬರೆಸಬೇಕು, ಮೊತ್ತ ಚಿಕ್ಕದಾಗಲಿ ದೊಡ್ಡದಾಗಲಿ ಬೇಸರಿಸಬಾರದು ಎಂಬ ಆಜ್ಞೆಗಳು ಅದರಲ್ಲಿವೆ. ಕೈಗೆ ಕೈ ನಡೆಯುವ ನಗದು ವ್ಯಾಪಾರದಲ್ಲಿ ಬರೆಯದಿದ್ದರೂ ದೋಷವಿಲ್ಲವೆಂಬ ಸಡಿಲಿಕೆ ಇದೆ. ಆದರೆ ಅದರ ಹಿಂದೆಯೇ, ಮಾರಾಟ ಮಾಡುವಾಗ ಸಾಕ್ಷಿಗಳನ್ನು ಮಾಡಿಕೊಳ್ಳಬೇಕೆಂಬ ಮಾತೂ ಇದೆ. ಬರೆಯುವವನಿಗಾಗಲಿ ಸಾಕ್ಷಿಗಾಗಲಿ ತೊಂದರೆ ಕೊಡಬಾರದೆಂದೂ ಹೇಳಲಾಗಿದೆ.

ಈ ಆಜ್ಞೆ ಕಡ್ಡಾಯವೋ ಉತ್ತಮವೋ ಎಂಬ ಬಗ್ಗೆ ಬಹುಪಾಲು ಇಮಾಮರ ಅಭಿಪ್ರಾಯ ಉತ್ತಮ, ಅಂದರೆ ಮುಸ್ತಹಬ್ ಎಂಬುದು. ಆದರೆ ಒಂದನ್ನು ಯೋಚಿಸಿರಿ. ನಮ್ಮ ಮೋಟರ್ ಸೈಕಲ್ ವ್ಯಾಪಾರಗಳಲ್ಲಿ ಪೂರ್ತಿ ನಗದಿನವು ಎಷ್ಟು? ಅರ್ಧ ಈಗ, ಅರ್ಧ ಕಬ್ಬಿನ ಬಿಲ್ಲು ಬಂದ ಮೇಲೆ ಎಂಬುದೇ ಹೆಚ್ಚು. ಹಾಗಾದಾಗ ಅದು ನೇರವಾಗಿ ಈ ಸೂಕ್ತದ ಒಳಗೇ ಬರುತ್ತದೆ. ಕಬ್ಬಿನ ಬಿಲ್ಲು ಬಂದಾಗ ಎಂಬುದು ಅವಧಿಯೇ ಅಲ್ಲ. ಕಾರ್ಖಾನೆಯ ಬಿಲ್ಲು ಯಾವಾಗ ಬರುವುದೆಂದು ಈ ಭಾಗದಲ್ಲಿ ಹೇಳಬಲ್ಲವರು ಯಾರಿದ್ದಾರೆ? ತಾರೀಖು ಹಾಕಿ ಬರೆಯಬೇಕು. ಬಾಕಿ ಹಣಕ್ಕೆ ಭದ್ರತೆಯೆಂದು ಗಾಡಿಯ ಹೆಸರನ್ನು ತಮ್ಮಲ್ಲೇ ಇಟ್ಟುಕೊಳ್ಳುವವರಿದ್ದಾರೆ. ಇದು ತಮ್ಮ ಕುತ್ತಿಗೆಗೆ ತಾವೇ ಹಗ್ಗ ಕಟ್ಟಿಕೊಂಡಂತೆ. ಬಾಕಿಗೆ ಬೇರೆ ಸಾಲಪತ್ರ ಬರೆಸಿಕೊಳ್ಳಿರಿ, ಇಲ್ಲವೆ ಬೇರೆ ವಸ್ತು ಅಡವಿಡಿಸಿಕೊಳ್ಳಿರಿ. ಅಡವಿನ ಅನುಮತಿ ಅದರ ಮುಂದಿನ ಸೂಕ್ತದಲ್ಲೇ ಇದೆ. ಹೆಸರನ್ನು ಮಾತ್ರ ಬಿಡಿಸಿಕೊಂಡುಬಿಡಿರಿ.

ಪ್ರವಾದಿ(ಸ)ರ ಕಾಲದ ಮಾರಾಟ ಪತ್ರ

ಅದ್ದಾಉ ಬಿನ್ ಖಾಲಿದ್(ರ) ಎಂಬ ಸಹಾಬಿಗೆ ಪ್ರವಾದಿ(ಸ)ರು ಒಂದು ಮಾರಾಟದ ಕಾಗದ ಬರೆಸಿಕೊಟ್ಟಿದ್ದರು. ಅವರು ಅದನ್ನು ಜೋಪಾನವಾಗಿಟ್ಟುಕೊಂಡು ಮುಂದೆ ಜನರಿಗೆ ಓದಿ ತೋರಿಸುತ್ತಿದ್ದರೆಂದು ತಿರ್ಮಿದಿ ಹಾಗೂ ಇಬ್ನುಮಾಜದಲ್ಲಿದೆ. ಅದರಲ್ಲಿ ಕೊಂಡವರ ಹೆಸರು, ಮಾರಿದವರ ಹೆಸರು, ವಸ್ತು ಯಾವುದೆಂಬುದು ಇದೆ. ಜೊತೆಗೆ ಮೂರು ವಿಷಯಗಳ ಖಾತರಿ ಇದೆ: ಅದರಲ್ಲಿ ರೋಗವಿಲ್ಲ, ಮೋಸವಿಲ್ಲ, ಕೆಡುಕಿನ ಮೂಲವಿಲ್ಲ ಎಂಬ ಅರ್ಥದ ಮಾತುಗಳು. ಆ ಕಾಲದ ಮಾರಾಟ ಒಬ್ಬ ಗುಲಾಮನದ್ದಾಗಿತ್ತು. ಗುಲಾಮಗಿರಿ ಹೋಯಿತು, ಆದರೆ ಕಾಗದದ ವಿಧಾನ ಇಂದಿಗೂ ನಮ್ಮ ಮುಂದಿದೆ. ಹಳೆಯ ಗಾಡಿಯ ಮಾರಾಟಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಬೇರೆ ಕಂಡಿಲ್ಲ.

ರೋಗವೆಂದರೆ ಗಾಡಿಯ ಒಳಗಿನ ದೋಷ. ಇಂಜಿನ್ ಎಣ್ಣೆ ತಿನ್ನುತ್ತದೆಯೇ, ಮುಂದಿನ ಫೋರ್ಕು ಬಿದ್ದು ಡೊಂಕಾಗಿದೆಯೇ, ನದಿಗೆ ನೆರೆ ಬಂದಾಗ ನೀರಿನಲ್ಲಿ ಮುಳುಗಿತ್ತೇ? ಮಾರುವವನಿಗೆ ಗೊತ್ತಿದ್ದರೆ ಹೇಳಲೇಬೇಕು. ದೋಷವಿರುವ ವಸ್ತುವನ್ನು ಅದನ್ನು ತಿಳಿಸದೆ ಮಾರುವುದು ಮುಸ್ಲಿಮನಿಗೆ ಧರ್ಮಸಮ್ಮತವಲ್ಲವೆಂದು ಉಕ್ಬ ಬಿನ್ ಆಮಿರ್(ರ)ರ ವರದಿ ತಿಳಿಸುತ್ತದೆ. ಮಾರುವವನೂ ಕೊಳ್ಳುವವನೂ ಸತ್ಯ ಹೇಳಿ ಬಿಚ್ಚಿ ತೋರಿಸಿದರೆ ವ್ಯಾಪಾರದಲ್ಲಿ ಬರಕತ್ತು ಇರುತ್ತದೆ, ಮುಚ್ಚಿಟ್ಟರೆ ಬರಕತ್ತು ಅಳಿಸಿಹೋಗುತ್ತದೆ ಎಂಬ ಹಕೀಮ್ ಬಿನ್ ಹಿಝಾಮ್(ರ)ರ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ.

"ಇದ್ದದ್ದು ಇದ್ದಂಗ ಕೊಟ್ಟೀನಿ, ನೀ ನೋಡಿ ತಗೊ" ಎಂಬುದು ನಮ್ಮ ಕಡೆಯ ಮಾತು. ಎಲ್ಲ ದೋಷಗಳಿಂದ ತಾನು ಮುಕ್ತನೆಂದು ಹೇಳಿ ಮಾರುವುದನ್ನು ಹನಫೀ ಫಿಕ್‌ಹ್ ಒಪ್ಪುತ್ತದೆ. ಆದರೆ ಗೊತ್ತಿರುವ ದೋಷವನ್ನು ಆ ಮಾತಿನ ಹಿಂದೆ ಅಡಗಿಸಿಡಲು ಸಾಧ್ಯವಿಲ್ಲ. ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ ಒಂದು ಘಟನೆ ಇದೆ. ಅಬ್ದುಲ್ಲಾಹ್ ಬಿನ್ ಉಮರ್(ರ)ರು ಹೀಗೆಯೇ ಖಾತರಿಯಿಲ್ಲದೆ 800 ದಿರ್ಹಮಿಗೆ ಒಂದು ಮಾರಾಟ ಮಾಡಿದರು. ಕೊಂಡವನು ದೋಷವಿದೆಯೆಂದು ಖಲೀಫ ಉಸ್ಮಾನ್(ರ)ರ ಬಳಿಗೆ ದೂರು ಒಯ್ದನು. ಮಾರುವಾಗ ಆ ದೋಷ ತನಗೆ ತಿಳಿದಿರಲಿಲ್ಲವೆಂದು ಆಣೆ ಮಾಡಬೇಕೆಂದು ಉಸ್ಮಾನ್(ರ)ರು ಹೇಳಿದರು. ಇಬ್ನು ಉಮರ್(ರ)ರು ಆಣೆ ಮಾಡಲು ಒಪ್ಪದೆ ವ್ಯಾಪಾರವನ್ನೇ ಹಿಂದಕ್ಕೆ ಪಡೆದರು. ಮುಂದೆ ಅದೇ 1500 ದಿರ್ಹಮಿಗೆ ಮಾರಾಟವಾಯಿತು!

ಮೋಸವೆಂಬುದರಲ್ಲಿ ನಮ್ಮ ಕಾಲದಲ್ಲಿ ಮೊದಲು ಬರುವುದು ಫೈನಾನ್ಸಿನ ಸಾಲ. ಗಾಡಿಯನ್ನು ಕಂತಿನ ಮೇಲೆ ತೆಗೆದುಕೊಂಡಿದ್ದರೆ ನೋಂದಣಿ ಕಾರ್ಡಿನಲ್ಲಿ ಸಾಲ ಕೊಟ್ಟ ಸಂಸ್ಥೆಯ ಹೆಸರೂ ನಮೂದಾಗಿರುತ್ತದೆ. ಆ ಸಂಸ್ಥೆಯ ಲಿಖಿತ ಒಪ್ಪಿಗೆಯಿಲ್ಲದೆ ಹೆಸರು ವರ್ಗಾವಣೆ ಆಗದು. ಸಾಲ ತೀರಿದ ಮೇಲೂ ಆ ನಮೂದು ತಾನಾಗಿ ಅಳಿಯುವುದಿಲ್ಲ. ಸಂಸ್ಥೆಯ ಮೊಹರು ಸಹಿ ಇರುವ 35ನೆಯ ನಮೂನೆ ಹಾಗೂ ಬಾಕಿಯಿಲ್ಲವೆಂಬ ಪತ್ರ ಕೊಟ್ಟು ತೆಗೆಸಬೇಕು. ಅಡವಿಟ್ಟ ವಸ್ತುವಿನ ಮಾರಾಟವು ಅಡವು ಹಿಡಿದವನ ಒಪ್ಪಿಗೆ ಬರುವ ತನಕ ತೂಗಾಡುತ್ತಿರುತ್ತದೆಂದು ನಮ್ಮ ಫುಕಹಾಗಳು ಸಾವಿರ ವರ್ಷದ ಹಿಂದೆಯೇ ಬರೆದಿಟ್ಟರು. ಇಲ್ಲಿ ಶರೀಅತ್ತೂ ಸರಕಾರಿ ಕಾನೂನೂ ಒಂದೇ ಮಾತನ್ನಾಡುತ್ತವೆ. (ಆ ಸಾಲದ ಬಡ್ಡಿಯ ವಿಷಯ ಬೇರೆಯೇ. ಅದರ ಬಗ್ಗೆ ಮಾತನಾಡಲು ಈ ಪಾಠ ಸಾಲದು.)

ಕೆಡುಕಿನ ಮೂಲವೆಂದರೆ ಕದ್ದ ಮಾಲು. ಕಾರ್ಡಿನಲ್ಲಿರುವ ಚಾಸಿಸ್ ನಂಬರು ಮತ್ತು ಇಂಜಿನ್ ನಂಬರನ್ನು ಗಾಡಿಯ ಮೇಲೆ ಕೊರೆದಿರುವುದರೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿರಿ. ಅದನ್ನು ಉಜ್ಜಿ ಮತ್ತೆ ಕೊರೆದ ಗುರುತಿದ್ದರೆ ಎಷ್ಟು ಅಗ್ಗವಾದರೂ ಮುಟ್ಟಬೇಡಿರಿ. ಈಗ ಮೊಬೈಲಿನಲ್ಲಿ ಸರಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿಯ ನಂಬರು ಹಾಕಿದರೆ ನೋಂದಣಿಯ ತಾರೀಖು, ವಿಮೆಯ ಅವಧಿ ಮುಂತಾದವು ಕಾಣುತ್ತವೆ. ಬಾಕಿ ದಂಡಗಳಿದ್ದರೆ ಅವನ್ನೂ ನೋಡಬಹುದು. ನಂಬಿಕೆಯಿಲ್ಲವೇ ಎಂದು ಮಾರುವವನು ಸಿಟ್ಟಾದರೆ, ಖುಝೈಮ(ರ)ರ ಕಥೆ ಹೇಳಿರಿ.

ಇನ್ನೂ ಒಂದು ನೋಡಬೇಕು. ಖಾಸಗಿ ಬಳಕೆಯ ವಾಹನದ ನೋಂದಣಿ 15 ವರ್ಷದ್ದು. ಅವಧಿ ಮುಗಿದಿದ್ದರೆ 25ನೆಯ ನಮೂನೆಯಲ್ಲಿ ನವೀಕರಣ ಮಾಡಿಸಬೇಕಾಗುತ್ತದೆ. ಆ ಖರ್ಚು ಯಾರದ್ದೆಂದು ಮೊದಲೇ ಮಾತಾಡಿಕೊಳ್ಳಿರಿ.

ಗಡಿಯಾಚೆಯ ಗಾಡಿ

ಸಾವಳಗಿಗೆ ಮಹಾರಾಷ್ಟ್ರ ದೂರವಲ್ಲ. ಸಾಂಗ್ಲಿಯ ಎಂಎಚ್-10 ನಂಬರಿನ ಗಾಡಿಗಳು ನಮ್ಮ ಓಣಿಗಳಲ್ಲಿ ಎಷ್ಟಿಲ್ಲ? ಬೆಲೆ ಸ್ವಲ್ಪ ಕಡಿಮೆ ಎಂದು ತರುತ್ತಾರೆ, ಹಾಗೆಯೇ ಓಡಿಸುತ್ತಾರೆ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನೋಂದಣಿ ನಂಬರು ಪಡೆಯಲೇಬೇಕು. ಅದಕ್ಕೆ ಅಲ್ಲಿಯ ಕಚೇರಿಯಿಂದ 28ನೆಯ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ ಬೇಕು. ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಹೀಗೆ ಲೆಕ್ಕ ಹಾಕಿದರೆ ಅಗ್ಗದ ಗಾಡಿ ಅಗ್ಗವಾಗಿ ಉಳಿಯುವುದು ಅಪರೂಪ. ಬೇರೆ ರಾಜ್ಯದ ಗಾಡಿಯಾದರೆ ಮಾರಿದವನಿಗೆ ವರದಿ ಕೊಡಲು 45 ದಿನಗಳ ಕಾಲಾವಕಾಶವಿದೆ. ತೆರಿಗೆ ತಪ್ಪಿಸುವುದು ಜಾಣತನವೆಂದು ತಿಳಿದವರಿಗೆ, ಮಾಡಿದ ಒಪ್ಪಂದಗಳನ್ನು ಪೂರ್ಣಗೊಳಿಸಬೇಕೆಂಬ ಅಲ್‌ಮಾಇದ ಅಧ್ಯಾಯದ ಮೊದಲ ಸೂಕ್ತವನ್ನು ನೆನಪಿಸುತ್ತೇನೆ. ನಾಡಿನ ರಸ್ತೆಯನ್ನು ಬಳಸುವುದೂ ಒಂದು ಒಪ್ಪಂದವೇ.

ನಮ್ಮ ಗಾಡಿಗಳಿಗೆ ಜಮಖಂಡಿಯಲ್ಲೇ ಸಾರಿಗೆ ಕಚೇರಿ ಇದೆ. ಅದರ ನಂಬರು ಕೆಎ-48. ಇನ್ನೂ ಕೆಲವು ಮನೆಗಳಲ್ಲಿ ಕೆಎ-28ರ ಹಳೆಯ ಗಾಡಿಗಳಿವೆ. 1997ರಲ್ಲಿ ಬಾಗಲಕೋಟೆ ಜಿಲ್ಲೆ ಆಗುವ ತನಕ ನಾವೆಲ್ಲ ವಿಜಾಪುರ ಜಿಲ್ಲೆಯವರೇ ಆಗಿದ್ದೆವಲ್ಲ! ಕಚೇರಿಗೆ ಹೋಗುವಾಗ ಮೂಲ ನೋಂದಣಿ ಕಾರ್ಡು, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆಯ ಪತ್ರ, ಇಬ್ಬರ ಗುರುತಿನ ಮತ್ತು ವಿಳಾಸದ ದಾಖಲೆ, ಕೊಂಡವನ ಭಾವಚಿತ್ರ, ಪೆನ್ಸಿಲಿನಿಂದ ತೆಗೆದ ಚಾಸಿಸ್ ನಂಬರಿನ ಗುರುತು ಇವೆಲ್ಲ ಜೊತೆಗಿರಲಿ. ಸಾಧ್ಯವಿದ್ದರೆ ಇಬ್ಬರೂ ಒಟ್ಟಿಗೆ ಹೋಗಿರಿ. ಒಂದು ದಿನದ ಕೂಲಿ ಹೋದೀತು. ಆದರೆ ಏಜಂಟನ ಚೀಲದಲ್ಲಿ ನಿಮ್ಮ ಸಹಿ ವರ್ಷಗಟ್ಟಲೆ ಮಲಗಿರುವುದಕ್ಕಿಂತ ಇದು ವಾಸಿ.

ಸಂಚಕಾರ ಮತ್ತು ವಿಮೆ

ಸಂಚಕಾರವೆಂದು 2000 ರೂಪಾಯಿ ಕೊಟ್ಟು, ನಾಲ್ಕು ದಿನ ಬಿಟ್ಟು ಬೇಡವೆಂದರೆ ಆ ಹಣ ಮುಳುಗಿತು ಎಂಬುದು ನಮ್ಮಲ್ಲಿ ರೂಢಿ. ಶರೀಅತ್ತಿನಲ್ಲಿ ಇದಕ್ಕೆ ಉರ್ಬೂನ್ ಎನ್ನುವರು. ಇಮಾಮ್ ಅಹ್ಮದ್‌ರು ಇದಕ್ಕೆ ಅನುಮತಿ ಕೊಟ್ಟಿದ್ದಾರೆ. ಇಮಾಮ್ ಅಬೂಹನೀಫ, ಮಾಲಿಕ್ ಮತ್ತು ಶಾಫಿಈಯವರು ಅನುಮತಿಸಿಲ್ಲ. ನಾವು ಬಹುಪಾಲು ಹನಫಿಗಳಾದ ಕಾರಣ ವ್ಯಾಪಾರ ಮುರಿದರೆ ಸಂಚಕಾರ ಮರಳಿಸಬೇಕು. ಕೊಳ್ಳುವವನಿಗೆ ನೋಡಿ ನಿರ್ಧರಿಸಲು ಸಮಯ ಬೇಕಾದರೆ ಮೂರು ದಿನಗಳ ಆಯ್ಕೆಯ ಶರತ್ತು ಹಾಕಿಕೊಳ್ಳಬಹುದು. ಆದರೆ ಆ ಮೂರು ದಿನಗಳಲ್ಲಿ ಗಾಡಿ ಅವನ ಕೈಯಲ್ಲಿ ನಾಶವಾದರೆ ಬೆಲೆ ಅವನ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ಮರೆಯಬಾರದು.

ವಿಮೆಯ ಧಾರ್ಮಿಕ ವಿಧಿಯ ಕುರಿತು ಉಲಮಾಗಳ ಚರ್ಚೆ ದೊಡ್ಡದಿದೆ. ಮೂರನೆಯವರಿಗಾಗಿ ಇರುವ ವಿಮೆಯಂತೂ ಕಾನೂನಿನಲ್ಲಿ ಕಡ್ಡಾಯ. ಗಾಡಿ ಮಾರಿದಾಗ ಆ ಭಾಗವು ಕೊಂಡವನಿಗೆ ವರ್ಗವಾದಂತೆ ಕಾಯಿದೆ ಪರಿಗಣಿಸುತ್ತದೆ. ಆದರೆ ಕೊಂಡವನು 14 ದಿನಗಳೊಳಗೆ ವಿಮಾ ಕಂಪೆನಿಗೆ ಅರ್ಜಿ ಕೊಟ್ಟು ಪಾಲಿಸಿಯಲ್ಲಿ ಹೆಸರು ಬದಲಿಸಿಕೊಳ್ಳಬೇಕು. ಸ್ವಂತ ಗಾಡಿಯ ಹಾನಿಗಿರುವ ಭಾಗ ಹೀಗೆ ತಾನಾಗಿ ವರ್ಗವಾಗದೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ.

ಮದುವೆಯಲ್ಲಿ ಅಳಿಯನಿಗೆ ಕೊಟ್ಟ ಗಾಡಿಗಳ ಕಾರ್ಡಿನಲ್ಲಿ ಇವತ್ತಿಗೂ ಮಾವನ ಹೆಸರೇ ಇರುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಕೇಳಿ ಪಡೆದ ಗಾಡಿಯ ಪಾಪವೂ ಇದೆ, ಅದರ ದಂಡದ ಹೊರೆಯೂ ಆ ಬಡ ಮಾವನ ಮೇಲೇ!

ಯಜಮಾನ ತೀರಿಕೊಂಡಾಗ

ಇದುವರೆಗೆ ಬೇರೆಯವರಿಗೆ ಹೇಳಿದೆ. ಇನ್ನು ನನ್ನದನ್ನು ಹೇಳದಿದ್ದರೆ ಈ ಪಾಠ ಅಪ್ರಾಮಾಣಿಕವಾದೀತು.

ನನ್ನ ತಂದೆಯವರ ಬಳಿ ಒಂದು ಮೋಟರ್ ಸೈಕಲ್ ಇತ್ತು. ಕಾಯಿಲೆ ಬಿದ್ದಾಗ ಔಷಧಿಯ ಖರ್ಚಿಗೆ ಮಾರಬೇಕಾದೀತೆಂದು ನಾವು ಅಣ್ಣತಮ್ಮ ಇಬ್ಬರೂ ಸೇರಿ, ಅವರ ಕೈಯಿಂದ 29-30ನೆಯ ನಮೂನೆಗಳಿಗೆ ಖಾಲಿ ಸಹಿ ಹಾಕಿಸಿಟ್ಟೆವು. ಹಾಸಿಗೆಯಲ್ಲೇ ಒರಗಿ, ನಡುಗುವ ಕೈಯಿಂದ ಹಾಕಿದ ಸಹಿ. ಮಾರುವ ಮೊದಲೇ ಅವರು ಅಲ್ಲಾಹನ ಕರೆಗೆ ಓಗೊಟ್ಟರು. ಎರಡು ತಿಂಗಳ ಬಳಿಕ ನಾವು ಗಾಡಿಯನ್ನು 24000 ರೂಪಾಯಿಗೆ ಮಾರಿದೆವು. ಆ ಫಾರಂಗಳನ್ನೇ ಕೊಟ್ಟೆವು. ಮಧ್ಯವರ್ತಿ ಹೇಳಿದಂತೆ, ತಂದೆಯವರು ಬದುಕಿದ್ದ ದಿನದ ತಾರೀಖನ್ನು ನಾನೇ ನನ್ನ ಕೈಯಾರೆ ತುಂಬಿದೆ. ಅಕ್ಷರ ಚೆನ್ನಾಗಿದೆಯೆಂದು ಫಾರಂ ತುಂಬುವ ಕೆಲಸ ಯಾವಾಗಲೂ ನನಗೇ ಬರುತ್ತಿತ್ತು.

ಇದರಲ್ಲಿ ಎಷ್ಟು ತಪ್ಪುಗಳಿದ್ದವೆಂದು ಲೆಕ್ಕ ಹಾಕಿರಿ. ಒಬ್ಬನು ಕೊಟ್ಟ ವಕಾಲತ್ತು ಅವನ ಮರಣದೊಂದಿಗೆ ಮುಗಿಯುತ್ತದೆ. ಆ ಸಹಿಗೆ ಅಂದು ಯಾವ ಬೆಲೆಯೂ ಉಳಿದಿರಲಿಲ್ಲ. ನಾನು ಹಾಕಿದ ತಾರೀಖು ಸುಳ್ಳು ಸಾಕ್ಷಿ. ಮಹಾಪಾಪಗಳನ್ನು ಎಣಿಸುವಾಗ ಒರಗಿ ಕುಳಿತಿದ್ದ ಪ್ರವಾದಿ(ಸ)ರು ಸುಳ್ಳು ಸಾಕ್ಷಿಯ ಮಾತು ಬಂದಾಗ ನೆಟ್ಟಗೆ ಕುಳಿತು ಅದನ್ನು ಮತ್ತೆ ಮತ್ತೆ ಹೇಳಿದರೆಂಬ ಹದೀಸನ್ನು ನಾನು ಮಕ್ಕಳಿಗೆ ಕಲಿಸುತ್ತಿದ್ದವನು! ಇನ್ನು ಆ ಗಾಡಿ ಅಂದು ನಮ್ಮಿಬ್ಬರದೂ ಆಗಿರಲಿಲ್ಲ. ಮರಣದ ಕ್ಷಣದಿಂದಲೇ ಅದು ಎಲ್ಲ ವಾರಸುದಾರರದ್ದು. ನಾವು ತಾಯಿಯನ್ನು ಕೇಳಿದ್ದೆವು. ತಂಗಿಯರಿಬ್ಬರನ್ನು ಕೇಳಲಿಲ್ಲ. ಗಾಡಿಯ ವಿಷಯ ಹೆಣ್ಣುಮಕ್ಕಳಿಗೇನು ಎಂದುಕೊಂಡೆವು.

ಸರಿಯಾದ ದಾರಿ ಹೀಗಿತ್ತು. ಮಾಲಿಕ ತೀರಿಕೊಂಡ 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ತಿಳಿಸಿದ್ದರೆ ವಾರಸುದಾರನು ಮೂರು ತಿಂಗಳ ತನಕ ಗಾಡಿ ಬಳಸಬಹುದು. ಆ ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ವಾರಸುದಾರನ ಹೆಸರಿಗೆ ಮಾಡಿಸಿಕೊಳ್ಳಬೇಕು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಬೇಕಾಗುತ್ತವೆ. ಆ ಒಪ್ಪಿಗೆಯ ಕಾಗದದಲ್ಲಿ ಅಕ್ಕತಂಗಿಯರ ಸಹಿ ಇರಲೇಬೇಕಾಗುತ್ತದೆ. ಸರಕಾರಿ ಕಚೇರಿಯೊಂದು ನಮ್ಮಿಂದ ಅವರ ಹಕ್ಕನ್ನು ಕೇಳಿಸುತ್ತದೆ, ನಾವಾಗಿ ಕೇಳುವುದಿಲ್ಲ! ಹೀಗೆ ಹೆಸರಾದ ಮೇಲೆ 29-30 ತುಂಬಿ ಮಾರಬೇಕು.

ಹಂಚಿಕೆಯೂ ಕಷ್ಟದ ಲೆಕ್ಕವಲ್ಲ. ಮೃತರ ಸಾಲ, ಪತ್ನಿಯ ಮಹ್ರ್ ಬಾಕಿ, ವಸಿಯ್ಯತ್ ಇದ್ದರೆ ಮೊದಲು ಅವು ತೀರಬೇಕು. ನಮ್ಮಲ್ಲಿ ಅವಾವುದೂ ಬಾಕಿ ಇರಲಿಲ್ಲ. 24000ದಲ್ಲಿ ಎಂಟನೆಯ ಒಂದು ಪಾಲು, ಅಂದರೆ 3000 ತಾಯಿಗೆ. ಉಳಿದ 21000ದಲ್ಲಿ ಗಂಡುಮಕ್ಕಳಿಬ್ಬರಿಗೆ ತಲಾ 7000, ಹೆಣ್ಣುಮಕ್ಕಳಿಬ್ಬರಿಗೆ ತಲಾ 3500. ಈ ಲೆಕ್ಕವನ್ನು ನಾನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ! ಮನೆಯಲ್ಲಿ ಬರೆಯಲಿಲ್ಲ.

ಮೂರು ವರ್ಷಗಳ ನಂತರ ಒಂದು ಮಧ್ಯಾಹ್ನ ಅಂಚೆಯವರು ತಂದೆಯವರ ಹೆಸರು ಕೂಗುತ್ತಾ ಬಾಗಿಲಿಗೆ ಬಂದರು. ತಾಯಿ ಒಳಗಿನಿಂದ ಓಡಿ ಬಂದರು. ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸಿದ್ದಕ್ಕೆ ದಂಡದ ನೋಟೀಸು. ನಾವು ಮಣ್ಣು ಮಾಡಿದವರಿಗೆ ಬಂದಿತ್ತು. ಅದರಲ್ಲಿದ್ದ ಊರಿನ ಹೆಸರನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಮ್ಮಿಂದ ಕೊಂಡವರು ಎಂದೋ ಮಾರಿದ್ದರು, ಅವರಿಗೂ ಮುಂದಿನದು ಗೊತ್ತಿರಲಿಲ್ಲ.

ಆ ವಾರವೇ ಮರಣ ಪ್ರಮಾಣಪತ್ರದ ಪ್ರತಿಯೊಂದಿಗೆ ನಡೆದುದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದು, ಸಾರಿಗೆ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ಅದರ ರಸೀದಿ ಈಗಲೂ ನನ್ನಲ್ಲಿದೆ. ಗಾಡಿ ಸಿಕ್ಕಿದರೆ ಮೊದಲು 31ನೆಯ ನಮೂನೆಯಲ್ಲಿ ವಾರಸುದಾರರ ಹೆಸರಿಗೆ, ಅಲ್ಲಿಂದ ಈಗ ಓಡಿಸುತ್ತಿರುವವರ ಹೆಸರಿಗೆ ಮಾಡಿಸಿಕೊಡಬೇಕು. ಇಂಥ ಸ್ಥಿತಿಯಲ್ಲಿರುವ ಓದುಗರು ನೋಟೀಸಿಗೆ ಕಾಯದೆ ಇವತ್ತೇ ಅಷ್ಟನ್ನಾದರೂ ಮಾಡಲಿ. ಬಳಿಕ ತಲಾ 3500 ರೂಪಾಯಿ ತೆಗೆದುಕೊಂಡು ತಂಗಿಯರ ಮನೆಗೆ ಹೋದೆ. ದೊಡ್ಡವಳು ತೆಗೆದುಕೊಂಡಳು, ಏನೂ ಹೇಳಲಿಲ್ಲ. ಚಿಕ್ಕವಳು ಬನಹಟ್ಟಿಯಲ್ಲಿರುತ್ತಾಳೆ. ಹಣವನ್ನು ಎಣಿಸದೆ ಸೆರಗಿನ ತುದಿಗೆ ಕಟ್ಟಿಕೊಂಡು, "ಅಬ್ಬಾನ ಗಾಡಿ ಈಗ ಯಾರ ಹತ್ರ ಐತಿ ಅಣ್ಣಾ?" ಎಂದು ಕೇಳಿದಳು.